ಗ್ರಹ ಎರಡು, ಗ್ರಹಚಾರ ಒಬ್ಬರದು

ಹೆಂಡತಿಗೆ ಅಣ್ಣತಮ್ಮಂದಿರಿದ್ದರೆ ಗಂಡನಿಗೆ ಆನೆಬಲ ಎಂದು ಹೇಳಿದವರಿಗೆ ಒಬ್ಬನೇ ಭಾವನಿದ್ದಿರಬೇಕು. ಶಿರ್ತಾಡಿಯ ಶಶಿರಾಜ್ ಮಾಸ್ಟ್ರಿಗೆ ಇಬ್ಬರು. ಆ ಇಬ್ಬರೂ ಪರಸ್ಪರ ಮಾತು ಬಿಟ್ಟು ವರ್ಷಗಳಾಗಿದ್ದವು. ಹೀಗಾಗಿ ಮಾಸ್ಟ್ರು ಬದುಕಿನ ಎಲ್ಲ ಕೆಲಸಗಳನ್ನೂ ಎರಡೆರಡು ಸಲ ಮಾಡಿ ದಣಿದು ಹೋಗಿದ್ದರು.

ದೀಪಾವಳಿ ಬಂತೆನ್ನಿ. ಬೆಳಿಗ್ಗೆ ಬಂಟ್ವಾಳದ ಬಿ.ಸಿ.ರೋಡಿಗೆ ಹೋಗಿ ದೊಡ್ಡ ಭಾವ ವಿಜಯರಾಜನ ಮನೆಯಲ್ಲಿ ಕಂಠಮಟ್ಟ ಉಣ್ಣಬೇಕು. ಅಲ್ಲಿಂದ ಬಸ್ಸು ಹಿಡಿದು ಗುರುವಾಯನಕೆರೆಗೆ ಹೋಗಿ, ಸಣ್ಣ ಭಾವ ಶ್ರೇಯಾಂಸನ ಮನೆಯಲ್ಲಿ, ಹುಟ್ಟಿದಂದಿನಿಂದ ಏನೂ ತಿನ್ನದವರ ಹಾಗೆ ಮತ್ತೆ ಉಣ್ಣಬೇಕು. (ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆಗಳು ಬೇರೆ. 'ರಾತ್ರಿಗೆ ಉಣ್ತೇನೆ ಭಾವ' ಎಂದು ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.) ಒಂದು ಮನೆಯಲ್ಲಿ ಒಂದು ಹೋಳಿಗೆ ಕಡಿಮೆ ತಿಂದರೆ ಆ ಸುದ್ದಿ ಮಾಸ್ಟ್ರು ಶಿರ್ತಾಡಿಗೆ ತಲುಪುವ ಮೊದಲೇ ಫೋನಿನಲ್ಲಿ ತಲುಪುತ್ತಿತ್ತು.

ಜಗಳದ ಮೂಲ ಬಹಳ ಸಣ್ಣದು. ಅಣ್ಣತಮ್ಮಂದಿರು ಒಟ್ಟಿಗೆ ಶಾಮಿಯಾನದ ವ್ಯಾಪಾರ ಮಾಡಿಕೊಂಡಿದ್ದ ಕಾಲವೊಂದಿತ್ತು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರ ಮದುವೆಗೂ ಇವರದ್ದೇ ಪೆಂಡಾಲು, ಇವರದ್ದೇ ಕುರ್ಚಿ, ಇವರದ್ದೇ ಮೈಕು. ಒಂದು ಮದುವೆಯಲ್ಲಿ ಧನ್ಯವಾದ ಹೇಳಲು ನಿಂತವರು, "ಶಾಮಿಯಾನ ಒದಗಿಸಿದ ಶ್ರೀ ವಿಜಯರಾಜ ಮತ್ತು ಬಳಗದವರಿಗೆ" ಎಂದುಬಿಟ್ಟರು.

"ನಾನೆಂತ ಬಳಗವಾ?" ಎಂದ ಶ್ರೇಯಾಂಸ.

"ಅವರು ಹೇಳಿದ್ದಕ್ಕೆ ನಾನೆಂತ ಮಾಡುದು?" ಎಂದ ವಿಜಯರಾಜ.

"ನೀನು ನಗಾಡಿದ್ದು ನಾನು ನೋಡಿದ್ದೇನೆ."

ಅಷ್ಟೆ. ಮದುವೆಯ ಗಂಡುಹೆಣ್ಣು ಒಂದಾದ ಪೆಂಡಾಲಿನಲ್ಲೇ ಅಣ್ಣತಮ್ಮಂದಿರು ಬೇರೆಯಾದರು. ಕುರ್ಚಿಗಳು ಭಾಗವಾದವು, ಪಾತ್ರೆಗಳು ಭಾಗವಾದವು. ಒಳ್ಳೆಯ ಮೈಕ್‌ಸೆಟ್ಟು ಅಣ್ಣನಿಗೆ ಹೋಯಿತು, ಒಳ್ಳೆಯ ಲೈಟುಗಳು ತಮ್ಮನಿಗೆ ಹೋದವು. ಭಾಗವಾಗದೆ ಉಳಿದವರು ಅಮ್ಮ ರಾಜೀವಿ ಒಬ್ಬರೇ. ಯಾವ ಮಗನ ಮನೆಗೆ ಹೋದರೂ ಇನ್ನೊಬ್ಬನಿಗೆ ಬೇಸರ ಎಂದು, ಅವರು ನಾಲ್ಕು ದಿನಕ್ಕೆಂದು ಮಗಳು ಬ್ರಾಹ್ಮಿಯ ಮನೆಗೆ ಬಂದವರು, ಅಲ್ಲೇ ಉಳಿದರು.

ರಾಜೀವಿಯಮ್ಮನಿಂದ ಮಾಸ್ಟ್ರಿಗೆ ಒಂದು ದಿನವೂ ಉಪದ್ರವಿರಲಿಲ್ಲ. ಅದೇ ದೊಡ್ಡ ಉಪದ್ರ. ಗದರುವ ಅತ್ತೆಯಾದರೆ ಅಳಿಯನಿಗೆ ಸಿಟ್ಟು ಮಾಡಿಕೊಳ್ಳುವ ಸುಖವಾದರೂ ಸಿಗುತ್ತದೆ. ಇವರು ಊಟಕ್ಕೆ ಕೂತಾಗ ತಮ್ಮ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸುಮ್ಮನೆ ಅನ್ನ ಕಲಸುತ್ತಿದ್ದರು. ಒಮ್ಮೆ ಮಾತ್ರ, "ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣುದು ಒಮ್ಮೆ ನೋಡಿದ್ರೆ ಸಾಕಿತ್ತು" ಎಂದಿದ್ದರು. ಅಂದು ಬ್ರಾಹ್ಮಿ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬಂದಿರಲಿಲ್ಲ.

ಬಂದದ್ದು ಒಂದು ಉಪಾಯದೊಂದಿಗೆ.

"ಇವರೇ, ಈ ಸಲ ನಮ್ಮ ಮಹಿಳಾ ಮಂಡಲದ ವಾರ್ಷಿಕೋತ್ಸವಕ್ಕೆ ನಾನೇ ನಾಟಕ ಬರೀತೇನೆ" ಎಂದಳು. ಅವಳು ಮಂಡಲದ ಅಧ್ಯಕ್ಷೆ. "ಅಣ್ಣನನ್ನೂ ಶ್ರೇಯಾಂಸನನ್ನೂ ಒಂದೇ ಸ್ಟೇಜಿಗೆ ಹತ್ತಿಸ್ತೇನೆ. ಇಬ್ಬರಿಗೂ ನಾಟಕದ ಮರುಳು ಸಣ್ಣದರಿಂದ ಉಂಟು. ವೇಷ ಅಂದ್ರೆ ಬೇಡ ಅನ್ನುದಿಲ್ಲ."

"ಇಬ್ಬರಿಗೂ ರಾಜನ ಪಾತ್ರವೇ ಬೇಕಾಗ್ತದೆ ಮಾರಾಯ್ತಿ. ಒಂದು ರಾಜ್ಯದಲ್ಲಿ ಎಷ್ಟು ರಾಜರನ್ನು ಇಡ್ತೀ?"

"ಅದಕ್ಕೇ ಭೂಮಿ ಬೇಡ ಅಂತ ಮಾಡಿದ್ದು. ಆಕಾಶದಲ್ಲಿ ಜಾಗ ಬೇಕಾದಷ್ಟುಂಟಲ್ಲ? ಅಣ್ಣನಿಗೊಂದು ಗ್ರಹ, ಶ್ರೇಯಾಂಸನಿಗೊಂದು ಗ್ರಹ. ಅಣ್ಣ ಧೂಮಕೇತು ಮಹಾರಾಜ, ಇವ ಉಲ್ಕಾಧಿಪತಿ. ಇಬ್ಬರೂ ಆಕಾಶ ತನಗೇ ಬೇಕು ಅಂತ ಯುದ್ಧ ಮಾಡ್ತಾರೆ. ಆಗ ಒಬ್ಬ ವೀರ ಏಕಾಂಗಿಯಾಗಿ ಬಂದು ಇಬ್ಬರನ್ನೂ ಸೋಲಿಸ್ತಾನೆ. ಸಾಯುವ ಹೊತ್ತಿಗೆ ಅವರಿಗೆ ಬುದ್ಧಿ ಬಂದು, ಒಬ್ಬರ ಕೈ ಒಬ್ಬರು ಹಿಡಿದುಕೊಳ್ತಾರೆ."

"ಆಕಾಶದಲ್ಲಿ ಗಾಳಿ ಇಲ್ಲ. ಒಬ್ಬ ಮಾತಾಡಿದ್ದು ಇನ್ನೊಬ್ಬನಿಗೆ ಕೇಳುದಿಲ್ಲ" ಎಂದರು ಮಾಸ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು, ಅಷ್ಟಾದರೂ ಹೇಳದಿದ್ದರೆ ಹೇಗೆ?

"ನನ್ನ ಅಣ್ಣತಮ್ಮಂದಿರ ಸ್ವರಕ್ಕೆ ಗಾಳಿ ಬೇಕಾಗಿಲ್ಲ."

ಅದು ನಿಜವಾದ್ದರಿಂದ ಮಾಸ್ಟ್ರು ವಿಜ್ಞಾನವನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಏನೋ ಹೊಳೆದು, ಹೆದರಿಕೆಯಿಂದ ಕೇಳಿದರು, "ಆ ಏಕಾಂಗಿ ವೀರ ಯಾರು?"

ಬ್ರಾಹ್ಮಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮದುವೆಗೆ ಮೊದಲು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ.

"ಬೇರೆ ಯಾರಾದ್ರೂ ಹೊಡೆದ್ರೆ ಅವರಿಬ್ಬರೂ ತಿರುಗಿ ಹೊಡೀತಾರೆ. ಭಾವನಿಗೆ ಹೊಡೀಲಿಕ್ಕಿಲ್ಲ. ಅಲ್ಲದೆ ನಿಮ್ಮ ಹೆಸರಿನಲ್ಲೇ ಶಶಿ ಇದ್ದಾನೆ. ನೀವು ಆಕಾಶದವರೇ ಅಲ್ಲವಾ?"

ನಡುವಯಸ್ಸು ದಾಟುತ್ತಿದ್ದ, ಸೊಂಟನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ, ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅದನ್ನೇ ಮೋಕ್ಷವೆಂದುಕೊಳ್ಳುತ್ತಿದ್ದ ಶಶಿರಾಜ್ ಮಾಸ್ಟ್ರು ಹೀಗೆ ಗಗನವೀರರಾದರು.

ಒಪ್ಪಿಸುವ ಕೆಲಸವೂ ಅವರದ್ದೇ. ಬಿ.ಸಿ.ರೋಡಿನಲ್ಲಿ ವಿಜಯರಾಜ, "ಅವನ ಗ್ರಹಕ್ಕಿಂತ ನನ್ನದು ದೊಡ್ಡದಲ್ಲವಾ?" ಎಂದು ಕೇಳಿದ. ದೊಡ್ಡದೇ ಎಂದರು ಮಾಸ್ಟ್ರು. ಗುರುವಾಯನಕೆರೆಯಲ್ಲಿ ಶ್ರೇಯಾಂಸ, "ದೊಡ್ಡದಾದ್ರೆ ಆಗಲಿ ಭಾವ, ಆದ್ರೆ ನನ್ನದು ಮೇಲೆ ಇರಬೇಕು" ಎಂದ. ಮೇಲೆಯೇ ಇದೆ ಎಂದರು ಮಾಸ್ಟ್ರು. ಆಕಾಶದಲ್ಲಿ ಮೇಲೆ ಕೆಳಗೆ ಎಂಬುದಿಲ್ಲ ಎಂದು ವಿವರಿಸುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಮೈಕು ತನ್ನದೇ ಎಂದ ಅಣ್ಣ. ಲೈಟು ತನ್ನದೇ ಎಂದ ತಮ್ಮ. ಎರಡಕ್ಕೂ ತಲೆಯಾಡಿಸಿ ಮಾಸ್ಟ್ರು ಕಡೆಯ ಬಸ್ಸಿಗೆ ಓಡಿದರು.

ರಿಹರ್ಸಲ್ಲು ಶಿರ್ತಾಡಿಯ ಮನೆಯಲ್ಲಿ. ಇಬ್ಬರೂ ಒಟ್ಟಿಗೆ ಬರುವುದಿಲ್ಲವೆಂದು ಪಟ್ಟುಹಿಡಿದದ್ದರಿಂದ ಒಂದು ಸಂಜೆ ಧೂಮಕೇತು, ಮರುದಿನ ಉಲ್ಕೆ. ಗಗನವೀರ ಮಾತ್ರ ದಿನವೂ ಹಾಜರು. ಬಾರದವನ ಮಾತನ್ನು ಓದುವವರು ಯಾರು? ಆ ಕೆಲಸವನ್ನು ರಾಜೀವಿಯಮ್ಮ ತಾವಾಗಿ ವಹಿಸಿಕೊಂಡರು. ಕನ್ನಡಕ ಏರಿಸಿಕೊಂಡು, ಕುರ್ಚಿಯಲ್ಲಿ ಕಾಲು ಮಡಚಿ ಕೂತು, ದೊಡ್ಡ ಮಗನ ಎದುರು ಸಣ್ಣ ಮಗನಾಗಿಯೂ ಸಣ್ಣ ಮಗನ ಎದುರು ದೊಡ್ಡ ಮಗನಾಗಿಯೂ ಗುಡುಗುತ್ತಿದ್ದರು. ಗುಡುಗೆಂದರೆ ಹಾಲು ಉಕ್ಕುವಷ್ಟೇ ಸದ್ದು.

"ಎಲೈ ನೀಚನೇ" ಎಂದು ಓದಿ, "ಮುಖ ಎಂತ ಬಾಡಿದ್ದು ಮಗಾ? ಮಧ್ಯಾಹ್ನ ಸರಿ ಉಂಡದ್ದೋ ಇಲ್ಲವೋ?" ಎನ್ನುತ್ತಿದ್ದರು.

"ಅಮ್ಮಾ, ಅದು ನಾಟಕದಲ್ಲಿ ಇಲ್ಲ" ಎನ್ನುತ್ತಿದ್ದಳು ಬ್ರಾಹ್ಮಿ.

"ಇಲ್ಲದಿದ್ರೆ ಸೇರಿಸು."

ಹೀಗೆ ಎಲ್ಲ ಸರಿಯಾಗಿಯೇ ನಡೆದಿತ್ತು, ಸಾಯುವ ದೃಶ್ಯ ಬರುವವರೆಗೆ.

"ಭಾವ, ಸಾಯ್ಲಿಕ್ಕೆ ನನ್ನದೆಂತ ತಕರಾರಿಲ್ಲ" ಎಂದ ವಿಜಯರಾಜ, ಮಾಸ್ಟ್ರನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ. "ಆದ್ರೆ ಅವನಿಗಿಂತ ಮೊದಲು ಸಾಯುದಿಲ್ಲ. ನಾನು ಹಿರಿಯವ. ಅವ ನಿಂತಿರುವಾಗ ನಾನು ಮಲಗಿದ್ರೆ ಬಂಟ್ವಾಳದಲ್ಲಿ ನಾನು ಮುಖ ತೋರಿಸುದು ಹೇಗೆ?"

"ಬ್ರಾಹ್ಮಿ ಬರೆದದ್ದು ಇಬ್ಬರೂ ಒಟ್ಟಿಗೆ ಬೀಳುವ ಹಾಗೆ..."

"ಅವಳಿಗೆ ಹೇಳುದು ಬೇಡ. ಹೊಡೆಯುವವರು ನೀವಲ್ಲವಾ? ಮೊದಲು ಅವನಿಗೆ ಹೊಡೆಯಿರಿ. ಅಷ್ಟೇ."

ಅಂದು ಮಾಸ್ಟ್ರು ಶಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಪಾಠ ಮಾಡಿ, ಬಸ್ಸಿನಲ್ಲೂ ನಿಂತು ಬಂದಿದ್ದರು. ಒಂದು 'ಆಗಲಿ' ಹೇಳಿದರೆ ಕೂರಬಹುದು. 'ಇಲ್ಲ' ಎಂದರೆ ಇನ್ನೂ ಒಂದು ಗಂಟೆ ನಿಲ್ಲಬೇಕು. ಆಗಲಿ ಎಂದರು.

ಮರುದಿನ ಶ್ರೇಯಾಂಸ ಅದೇ ಮೂಲೆಗೆ ಕರೆದ. "ಭಾವ, ಬಳಗ ಆಗಿ ನನಗೆ ಸಾಕಾಗಿದೆ. ಕೊನೆಗೆ ಸ್ಟೇಜಿನಲ್ಲಿ ಉಳಿಯುವವ ನಾನಾಗಬೇಕು. ಅಣ್ಣ ಮೊದಲು ಬೀಳಲಿ." ಅವನ ಕಣ್ಣಲ್ಲಿ ನೀರಿತ್ತು. ಮಾಸ್ಟ್ರ ಸೊಂಟದಲ್ಲಿ ನೋವಿತ್ತು. ಅವನಿಗೂ ಆಗಲಿ ಎಂದರು. ನಾಟಕದ ದಿನ ಏನಾದರೂ ಆಗುತ್ತದೆ, ಇಬ್ಬರಿಗೂ ಒಂದೇ ಸಲ ಹೊಡೆದರಾಯಿತು ಎಂದುಕೊಂಡರು. ದಣಿದ ಮನುಷ್ಯನಿಗೆ ನಾಳೆ ಎಂಬುದು ಯಾವಾಗಲೂ ಬೇರೆಯವರ ದಿನ.

ವಾರ್ಷಿಕೋತ್ಸವದ ಸಂಜೆ ಮೈದಾನದಲ್ಲಿ ಪೆಂಡಾಲು ಎದ್ದು ನಿಂತಿತು. ಅರ್ಧ ಅಣ್ಣನ ಕೆಂಪು ಬಟ್ಟೆ, ಅರ್ಧ ತಮ್ಮನ ನೀಲಿ ಬಟ್ಟೆ. ಜನ ಕೂರುವ ಮೊದಲು ಯಾವ ಕಡೆಯ ಕುರ್ಚಿಯಲ್ಲಿ ಕೂತರೆ ಯಾರಿಗೆ ಬೇಸರವಾಗುತ್ತದೆಂದು ಯೋಚಿಸಬೇಕಾಯಿತು. ರಾಜೀವಿಯಮ್ಮ ಎರಡೂ ಬಣ್ಣ ಕೂಡುವ ಜಾಗದಲ್ಲಿ, ಮನೆಯಿಂದಲೇ ತಂದ ಕುರ್ಚಿಯಲ್ಲಿ ಕೂತರು.

ಗಗನವೀರ ಆಕಾಶದಿಂದ ಇಳಿಯಬೇಕೆಂಬುದು ಬ್ರಾಹ್ಮಿಯ ಹಟ. ಅದಕ್ಕಾಗಿ ಬಾವಿ ತೋಡುವ ಜತ್ತಪ್ಪನನ್ನು, ಅವನ ರಾಟೆ ಹಗ್ಗಗಳ ಸಮೇತ ಕರೆಸಿದ್ದಳು. ಪಾರ್ಸೆಲ್ ಕಟ್ಟುವ ಬೆಳ್ಳಿ ಬಣ್ಣದ ಕಾಗದವನ್ನು ಮೈಗೆಲ್ಲ ಸುತ್ತಿ, ಅದೇ ಕಾಗದ ಅಂಟಿಸಿದ ಸ್ಕೂಟರಿನ ಹೆಲ್ಮೆಟ್ಟು ತಲೆಗೇರಿಸಿ, ಸೊಂಟಕ್ಕೆ (ಅದೇ ಸೊಂಟಕ್ಕೆ!) ಹಗ್ಗ ಬಿಗಿದುಕೊಂಡು ಮಾಸ್ಟ್ರು ತೆರೆಯ ಹಿಂದೆ ನಿಂತರು.

"ಮಾಸ್ಟ್ರೇ, ಬಾವಿಯ ಲೆಕ್ಕದಲ್ಲೇ ಹೋಗುವ" ಎಂದ ಜತ್ತಪ್ಪ. "ಹಗ್ಗ ಅಲ್ಲಾಡಿದ್ರೆ ಒಳಗಿನವನಿಗೆ ಉಸಿರು ಕಟ್ಟಿದೆ ಅಂತ ಅರ್ಥ. ನಾನು ಸೀದಾ ಮೇಲೆ ಎಳೆಯುದು."

"ಇದು ಬಾವಿ ಅಲ್ಲ ಮಾರಾಯ."

"ಹಗ್ಗಕ್ಕೆ ಅದೆಲ್ಲ ಗೊತ್ತಾಗುದಿಲ್ಲ ಮಾಸ್ಟ್ರೇ."

ಜತ್ತಪ್ಪ ಮಾಸ್ಟ್ರನ್ನು ಮೇಲಕ್ಕೆಳೆದು ನಿಲ್ಲಿಸಿದ ಮೇಲೆ ನಾಟಕ ಆರಂಭವಾಯಿತು. ಧೂಮಕೇತು ಮಹಾರಾಜ ತನ್ನ ಸಿಂಹಾಸನದಿಂದೆದ್ದು, "ಎಲೈ ಉಲ್ಕಾಧಿಪತಿಯೇ!" ಎನ್ನುವಷ್ಟರಲ್ಲಿ ಅವನ ಕಡೆಯ ಲೈಟು ಆರಿತು. ಲೈಟಿನ ಹುಡುಗರು ತಮ್ಮನ ಕಡೆಯವರಲ್ಲವೇ! ಮಹಾರಾಜ ಕತ್ತಲೆಯಲ್ಲೇ ಘರ್ಜಿಸಿದ. ಉತ್ತರ ಕೊಡಲು ಉಲ್ಕಾಧಿಪತಿ ಎದ್ದಾಗ ಬೆಳಕೇನೋ ಹೊಳೆಯಾಗಿ ಹರಿಯಿತು, ಆದರೆ ಮೈಕು ಸತ್ತಿತ್ತು. ಮೈಕಿನವರು ಅಣ್ಣನ ಕಡೆಯವರು. ಶ್ರೇಯಾಂಸ ಬಾಯಿ ಅಗಲಿಸಿ ಕೈ ಬೀಸುತ್ತಿದ್ದ, ಒಂದಕ್ಷರ ಕೇಳುತ್ತಿರಲಿಲ್ಲ. ಆಕಾಶದಲ್ಲಿ ಶಬ್ದ ಚಲಿಸುವುದಿಲ್ಲವೆಂಬ ಪಾಠವನ್ನು ಇಷ್ಟು ಸ್ಪಷ್ಟವಾಗಿ ತಾನು ಎಂದೂ ತರಗತಿಯಲ್ಲಿ ತೋರಿಸಿರಲಿಲ್ಲವೆಂದು ಮಾಸ್ಟ್ರಿಗೆ ಅನಿಸಿತು. ಅಷ್ಟರಲ್ಲಿ ಬ್ರಾಹ್ಮಿ ಬದಿಯಿಂದ, "ಇಳಿಸು ಜತ್ತಪ್ಪ, ಬೇಗ ಇಳಿಸು!" ಎಂದಳು.

ಗಗನವೀರ ಮೇಲಿಂದ ಇಳಿದರು. ಕಾಲು ನೆಲಕ್ಕೆ ಗೇಣು ಉಳಿದಿರುವಾಗ ಹಗ್ಗ ನಿಂತಿತು. ಅವರು ಇಬ್ಬರು ರಾಜರ ನಡುವೆ, ಮತ್ತೆ ಜೀವ ಬಂದಿದ್ದ ನಟ್ಟನಡುವಿನ ಮೈಕಿನ ಪಕ್ಕದಲ್ಲೇ ತೂಗಾಡುತ್ತ, "ನಿಲ್ಲಿಸಿ ನಿಮ್ಮ ಯುದ್ಧ! ನಾನೊಬ್ಬನೇ ನಿಮ್ಮಿಬ್ಬರಿಗೆ ಸಾಕು!" ಎಂದರು. ಚಪ್ಪಾಳೆ ಬಿತ್ತು. ಮೊದಲ ಬಾರಿಗೆ ಮಾಸ್ಟ್ರಿಗೆ ತುಸು ವೀರಾವೇಶ ಬಂತು. ಬಲ್ಬಿನ ಮಾಲೆ ಸುತ್ತಿದ ಪೈಪಿನ ಖಡ್ಗವನ್ನು ಬೀಸಿ ಧೂಮಕೇತುವಿನ ಹೆಗಲಿಗೆ ಮುಟ್ಟಿಸಿದರು.

ಧೂಮಕೇತು ಬೀಳಲಿಲ್ಲ. ಕಣ್ಣು ಕೆಕ್ಕರಿಸಿ ನಿಂತ.

ಮಾಸ್ಟ್ರು ತಿರುಗಿ ಉಲ್ಕಾಧಿಪತಿಗೆ ಮುಟ್ಟಿಸಿದರು. ಅವನೂ ಬೀಳಲಿಲ್ಲ. ಅಣ್ಣ ಮಲಗುವುದನ್ನೇ ಕಾಯುತ್ತ ನಿಂತ. ಮತ್ತೊಮ್ಮೆ ಇವನಿಗೆ, ಮತ್ತೊಮ್ಮೆ ಅವನಿಗೆ. ಖಡ್ಗದ ಬಲ್ಬುಗಳು ಒಂದೊಂದಾಗಿ ಆರಿದವು. ರಾಜರು ಇದ್ದಲ್ಲೇ ಇದ್ದರು. ಜನ ನಗತೊಡಗಿದರು.

ಮಾಸ್ಟ್ರು ವಿಜಯರಾಜನ ಕಡೆಗೆ ಬಾಗಿ ಪಿಸುಗುಟ್ಟಿದರು, "ಭಾವ, ಒಮ್ಮೆ ಬೀಳಿ ಮಾರಾಯ್ರೆ, ಸೊಂಟ ತುಂಡಾಗ್ತಾ ಉಂಟು."

"ಮೊದಲು ಅವ ಸಾಯಬೇಕು ಅಂತ ಮಾತಾದದ್ದಲ್ಲವಾ?"

ಆ ಮೈಕು ಬಂಟ್ವಾಳ ತಾಲೂಕಿನಲ್ಲೇ ಒಳ್ಳೆಯದೆಂದು ವಿಜಯರಾಜ ಹೇಳಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. ಪಿಸುಮಾತು ಮೈದಾನದ ಆಚೆಯ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

"ಎಂತ?" ಎಂದ ಶ್ರೇಯಾಂಸ. "ಅಣ್ಣ ಮೊದಲು ಸಾಯುದು ಅಂತ ಭಾವ ನನಗೆ ಮಾತು ಕೊಟ್ಟಿದ್ದಾರೆ!"

ವಿಜಯರಾಜ ಕಿರೀಟ ಹಿಂದಕ್ಕೆ ಸರಿಸಿದ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮನ ಮುಖ ನೋಡಿ ಕೇಳಿದ, "ಇವರು ನಿನಗೂ ಹಾಗೇ ಹೇಳಿದ್ದಾ?"

"ಹೌದಣ್ಣ. ನಿಮ್ಮ ಅಂಗಳದ ಮೂಲೆಯಲ್ಲಿ ಅಲ್ಲವಾ ಭಾವ? ತೆಂಗಿನ ಮರದ ಹತ್ತಿರ?"

"ನನಗೂ ಅಲ್ಲೇ ಹೇಳಿದ್ದು ಮಾರಾಯ!"

ಇಬ್ಬರೂ ನಿಧಾನವಾಗಿ ಗಗನವೀರನ ಕಡೆ ತಿರುಗಿದರು. ಮಾಸ್ಟ್ರಿಗೆ ಓಡಿಹೋಗುವ ಮನಸ್ಸಾಯಿತು. ಆದರೆ ಕಾಲಿಗೂ ನೆಲಕ್ಕೂ ನಡುವೆ ಗೇಣು ಅಂತರವಿದ್ದರೆ ಎಂಥ ವೀರನೂ ಓಡಲಾರ. ಅಣ್ಣ ಒಂದು ಕಡೆಯಿಂದ ತಳ್ಳಿದ. ತಮ್ಮ ಆ ಕಡೆಯಿಂದ ಹಿಡಿದು ಮರಳಿ ತಳ್ಳಿದ. ಧೂಮಕೇತುವಿನಿಂದ ಉಲ್ಕೆಗೆ, ಉಲ್ಕೆಯಿಂದ ಧೂಮಕೇತುವಿಗೆ ಶಶಿರಾಜರು ತೊಟ್ಟಿಲಿನ ಹಾಗೆ ಓಲಾಡಿದರು. ಅಣ್ಣ ನಕ್ಕ. ತಮ್ಮನೂ ನಕ್ಕ.

"ಬ್ರಾಹ್ಮೀ, ಕಾಪಾಡು!" ಎಂದು ಕೂಗಿದರು ಗಗನವೀರ.

ಹಗ್ಗ ಅಲ್ಲಾಡಿದ್ದನ್ನು ಕಂಡು ಜತ್ತಪ್ಪ ಕಾಪಾಡಿದ. ಅಂದರೆ ಸೀದಾ ಮೇಲಕ್ಕೆಳೆದ. ಪೆಂಡಾಲಿನ ಬಟ್ಟೆಗೆ ಹೆಲ್ಮೆಟ್ಟು ತಾಗುವ ಎತ್ತರದಿಂದ ಮಾಸ್ಟ್ರು ಕೆಳಗೆ ನೋಡಿದರು. ಅಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮುಂದಿನ ಸಾಲಿನಲ್ಲಿ ರಾಜೀವಿಯಮ್ಮ ಎದ್ದು ನಿಂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ನಗುವುದು, ಮತ್ತೆ ಒರೆಸಿಕೊಳ್ಳುವುದು. ಅದನ್ನು ನೋಡಿ ಮಾಸ್ಟ್ರು ಸ್ವಲ್ಪ ಹೊತ್ತು ಸೊಂಟವನ್ನು ಮರೆತರು.

ಬ್ರಾಹ್ಮಿ ರಂಗಕ್ಕೆ ಓಡಿ ಬಂದು, "ಹೀಗೆ ಎರಡು ಗ್ರಹಗಳು ಒಂದಾದವು" ಎಂದು ಹೇಳಿ ತೆರೆ ಎಳೆಸಿದಳು. ಅಣ್ಣತಮ್ಮಂದಿರು ಅಮ್ಮನ ಹತ್ತಿರ ಓಡಿದರು. ಜನವೂ ಅಲ್ಲೇ ಮುತ್ತಿತು. ಜತ್ತಪ್ಪ ಕೂಡ ಹಗ್ಗವನ್ನು ಕಂಬಕ್ಕೆ ಭದ್ರವಾಗಿ ಬಿಗಿದು, ಅಮ್ಮಮಕ್ಕಳ ಮಿಲನ ನೋಡಲು ಹೋದ. ಗಗನದಲ್ಲಿ ಒಬ್ಬ ವೀರ ಉಳಿದಿದ್ದಾನೆಂದು ನೆನಪಾದದ್ದು, ಬಟ್ಟೆ ಬಿಚ್ಚಲು ಏಣಿ ಹತ್ತಿದ ಶಾಮಿಯಾನದವನಿಗೆ.

ಮರುದಿನ ಮಧ್ಯಾಹ್ನ ಶಿರ್ತಾಡಿಯ ಮನೆಯಲ್ಲಿ ಬಾಳೆಲೆ ಬಿತ್ತು. ನಡುವೆ ರಾಜೀವಿಯಮ್ಮ, ಆ ಕಡೆ ವಿಜಯರಾಜ, ಈ ಕಡೆ ಶ್ರೇಯಾಂಸ. ಒಳಕೋಣೆಯಲ್ಲಿ ಬೋರಲು ಮಲಗಿ ಎಣ್ಣೆಯ ವಾಸನೆಯಲ್ಲಿ ಮುಳುಗಿದ್ದ ಮಾಸ್ಟ್ರಿಗೆ ಎಲ್ಲವೂ ಕೇಳುತ್ತಿತ್ತು. "ಇನ್ನೊಂದು ಸ್ವಲ್ಪ ಹಾಕು ಬ್ರಾಹ್ಮಿ, ಅವನಿಗೆ ಬೇಕು ಅಂತ ಕೇಳ್ಲಿಕ್ಕೆ ನಾಚಿಕೆ" ಎನ್ನುತ್ತಿದ್ದರು ಅತ್ತೆ. ಇನ್ನು ಮೇಲೆ ಹಬ್ಬಕ್ಕೆ ಒಂದೇ ಊಟ, ಒಂದೇ ಬಸ್ಸು. ಸೊಂಟ ಹೋದರೂ ಹೊಟ್ಟೆ ಉಳಿಯಿತು ಎಂದು ಮಾಸ್ಟ್ರು ಕಣ್ಣು ಮುಚ್ಚಿದರು.

ಕೈ ತೊಳೆದು ಭಾವಂದಿರು ಒಳಗೆ ಬಂದು ಮಂಚದ ಎರಡೂ ಬದಿಗೆ ಕೂತರು. ಕ್ಷಮೆ ಕೇಳಲು ಬಂದಿರಬೇಕೆಂದು ಮಾಸ್ಟ್ರು ಕಷ್ಟಪಟ್ಟು ಮುಖ ಎತ್ತಿದರು.

"ಭಾವ, ಸಿದ್ಧಕಟ್ಟೆಯವರು ಫೋನ್ ಮಾಡಿದ್ದಾರೆ" ಎಂದ ವಿಜಯರಾಜ. "ಅವರಿಗೂ ಅದೇ ನಾಟಕ ಬೇಕಂತೆ."

"ವೇಣೂರಿನವರೂ ಕೇಳಿದ್ರು" ಎಂದ ಶ್ರೇಯಾಂಸ. "ನಾನೂ ಅಣ್ಣನೂ ಒಟ್ಟಿಗೆ ತಂಡ ಮಾಡುವ ಅಂತ. ಮೊದಲಿನ ನಾಟಕ ಅಲ್ಲ, ನಿನ್ನೆ ಆದದ್ದೇ ಆಗಬೇಕು. ನಿಮ್ಮನ್ನು ತಳ್ಳುದು, ನೀವು ಕೂಗುದು, ಎಲ್ಲ."

"ನನ್ನಿಂದ ಆಗುದಿಲ್ಲ" ಎಂದರು ಮಾಸ್ಟ್ರು. ಹೇಳಿದ ಮೇಲೆ ತಮ್ಮ ಧೈರ್ಯಕ್ಕೆ ತಾವೇ ಬೆರಗಾದರು.

"ನೋಡು, ನೀನು ಜೋರು ತಳ್ಳಿದ್ದಕ್ಕೆ ಭಾವ ಹೆದರಿದ್ದು" ಎಂದ ವಿಜಯರಾಜ.

"ನಾನಾ? ಮೊದಲು ತಳ್ಳಿದ್ದು ನೀನು!"

"ನಾನು ಮೆಲ್ಲ ತಳ್ಳಿದ್ದು. ನೀನು ಎರಡು ಕೈಯಿಂದ..."

"ಯಾವಾಗಲೂ ತಪ್ಪು ನನ್ನದೇ ಅಲ್ಲವಾ? ಹೇಳು!"

ಬಾಗಿಲಲ್ಲಿ ಪಾಯಸದ ಲೋಟ ಹಿಡಿದು ರಾಜೀವಿಯಮ್ಮ ನಿಂತಿದ್ದರು. ಅವರ ಮುಖದ ನಗು ದೀಪದ ಬತ್ತಿ ಇಳಿಸಿದ ಹಾಗೆ ಸಣ್ಣದಾಗುತ್ತ ಬಂತು. ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು. ಅವರ ಹಿಂದಿನಿಂದ ಬ್ರಾಹ್ಮಿ ಗಂಡನನ್ನೇ ನೋಡುತ್ತಿದ್ದಳು.

"ಬರ್ತೇನೆ" ಎಂದರು ಮಾಸ್ಟ್ರು. "ಸಿದ್ಧಕಟ್ಟೆಗೂ ಬರ್ತೇನೆ, ವೇಣೂರಿಗೂ ಬರ್ತೇನೆ. ಸೊಂಟ ಒಂದು ಸರಿಯಾಗ್ಲಿ."

ಇಬ್ಬರೂ ಒಮ್ಮೆಗೇ ಸುಮ್ಮನಾದರು. ಅತ್ತೆಯ ಮುಖ ಮತ್ತೆ ಬೆಳಗಿತು. ಈ ಸದವಕಾಶ ನೋಡಿ ಮಾಸ್ಟ್ರು ಒಂದೇ ಒಂದು ವರವನ್ನು ಬೇಡಿದರು.

"ಆದ್ರೆ ಬ್ರಾಹ್ಮಿ, ಕೊನೆಗಾದ್ರೂ ನಾನೊಮ್ಮೆ ಗೆಲ್ಲುವ ಹಾಗೆ ಬರೀಲಿಕ್ಕೆ ಆಗ್ಲಿಕ್ಕಿಲ್ಲವಾ?"

ಬ್ರಾಹ್ಮಿ ಅಮ್ಮನ ಮುಖ ನೋಡಿದಳು. ರಾಜೀವಿಯಮ್ಮ ಅಳಿಯನ ಬಳಿ ಕೂತು, ಪಾಯಸದ ಲೋಟವನ್ನು ಅವರ ಕೈಗೆ ಕೊಟ್ಟು, ತಲೆ ನೇವರಿಸಿದರು.

"ಅದೊಂದು ಬೇಡ ಅಳಿಯಾ. ನೀವು ಗೆದ್ರೆ ಇವರಿಬ್ಬರು ಸೋಲಬೇಕಲ್ಲ? ಯಾರು ಮೊದಲು ಸೋಲುದು ಅಂತ ಮತ್ತೆ ಶುರುವಾಗ್ತದೆ. ನೀವಾದ್ರೆ ಒಬ್ಬರೇ, ಆರಾಮವಾಗಿ ಸೋಲಬಹುದು."